ಖಾಲಿ ಗಾಜಿನ ಮೇಲೆ ಕೆಂಪು ಕಡ್ಡಿಗಳು

ಆ ಹೆಂಗಸಿಗೆ ಸರ್ಟಿಫಿಕೇಟು ಈ ಜನ್ಮದಲ್ಲಿ ಸಿಗುವುದಿಲ್ಲ ಎಂದು ಹೇಳಿದವರು ಮೂವರು. ಒಬ್ಬ ನಮ್ಮ ಆಸ್ಪತ್ರೆಯ ಕಂಪೌಂಡರ್. ಎರಡನೆಯವನು ಅವಳ ಒಡಹುಟ್ಟಿದ ಅಣ್ಣ. ಮೂರನೆಯವನು ನಾನು. ಅವರಿಬ್ಬರೂ ಬಾಯಲ್ಲಿ ಹೇಳಿದರು. ನಾನು ರಿಜಿಸ್ಟರಿನಲ್ಲಿ ಬರೆದು, ಕೆಳಗೆ ಬಿ.ಎಸ್ಸಿ. ಎಂದು ಸೇರಿಸಿ ಸಹಿ ಹಾಕಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ತಲಘಟ್ಟಪುರ ದಾಟಿ ಕನಕಪುರ ರಸ್ತೆಯಿಂದ ಸ್ವಲ್ಪ ಒಳಕ್ಕೆ ಒಂದು ಸಣ್ಣ ಮಿಷನ್ ಆಸ್ಪತ್ರೆ, ಕುಷ್ಠರೋಗಿಗಳಿಗೆಂದೇ ಕಟ್ಟಿದ್ದು. ಹೆಂಚಿನ ಎರಡು ಉದ್ದನೆ ಶೆಡ್ಡು, ಒಂದು ಬಾವಿ, ಸುತ್ತ ಕಳ್ಳಿ ಬೇಲಿ. ಒಳಗೆ ಮೂವತ್ತೆಂಟು ಜನ. ಮೊದಲು ದನದ ಕೊಟ್ಟಿಗೆಯಾಗಿದ್ದ ಕೋಣೆಗೆ ಸುಣ್ಣ ಬಳಿದು ಲ್ಯಾಬೊರೇಟರಿ ಎಂದು ಬೋರ್ಡು ಹಾಕಿದ್ದರು. ಅಲ್ಲಿಗೆ ನಾನು ಟೆಕ್ನಿಷಿಯನ್. ಇದ್ದದ್ದು ತ್ಯಾಗರಾಜನಗರದ ಒಂದು ಬಾಡಿಗೆ ಕೋಣೆಯಲ್ಲಿ. ಮನೆಯ ಯಜಮಾನರಿಗೆ ಔಷಧಿ ಪರೀಕ್ಷೆ ಮಾಡುವ ಕಚೇರಿ ಎಂದು ಹೇಳಿದ್ದೆ. ನಿಜ ಹೇಳಿದ್ದರೆ ಅದೇ ಸಂಜೆ ನನ್ನ ಟ್ರಂಕು ಬೀದಿಯಲ್ಲಿರುತ್ತಿತ್ತು.

ನನ್ನ ತಾಯಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಕಂಡವರ ಹೊಲಸು ಬಳಿದು ನನ್ನನ್ನು ಓದಿಸಿದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಆ ಹೆಮ್ಮೆ ಇವತ್ತಿಗೂ ಇದೆ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ ಆ ದಿನಗಳ ನನ್ನ ಹೆಮ್ಮೆ ನೆನಪಾದರೆ ನಾಚಿಕೆಯಾಗುತ್ತದೆ. ಜಯನಗರದಲ್ಲಿ ಒಬ್ಬರ ಹಜಾರದಲ್ಲಿ ಶನಿವಾರ ಸಂಜೆ ನಮ್ಮ ಕ್ರೈಸ್ತ ಸಭೆಯವರ ಪ್ರಾರ್ಥನಾ ಕೂಟ ಸೇರುತ್ತಿತ್ತು. ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುವುದು ಪದ್ಧತಿ. ಕೆಲಸ ಸಿಕ್ಕ ವಾರ ನಾನೂ ಎದ್ದೆ. ಯಾರೂ ಹೋಗದ ಕಡೆ ನಾನು ಹೋದೆ, ಅಂಥವರನ್ನು ಮುಟ್ಟಲು ಮನಸ್ಸನ್ನು ಗಟ್ಟಿ ಮಾಡಿಕೊಂಡೆ, ಹಿಂದೆ ಸರಿಯುವುದಿಲ್ಲ ಎಂದು ಶಪಥ ಮಾಡಿದೆ. ದೇವರ ಕೃಪೆ ಒಂದು ಸಲ ಬಂತು, ನಾನು ಎಂಬುದು ಹತ್ತು ಸಲ. ಕೂತವರು ಆಮೆನ್ ಎಂದರು. ನನಗೂ ಆಮೆನ್ ಎನ್ನಿಸಿತು.

ಕೆಲಸ ಇಷ್ಟು. ಪ್ರತಿ ತಿಂಗಳೂ ಪ್ರತಿ ರೋಗಿಯ ಚರ್ಮದಿಂದ ಆರು ಜಾಗದಲ್ಲಿ ಸ್ಮಿಯರ್ ತೆಗೆಯಬೇಕು: ಎರಡು ಕಿವಿಯ ಹಾಲೆ, ಹಣೆ, ಗಲ್ಲ, ಮೊಣಕೈ, ಮಂಡಿ. ಚರ್ಮವನ್ನು ಹೆಬ್ಬೆರಳು ತೋರುಬೆರಳ ನಡುವೆ ರಕ್ತ ಸರಿದು ಬೆಳ್ಳಗಾಗುವವರೆಗೆ ಹಿಂಡಿ ಹಿಡಿಯಬೇಕು. ಬ್ಲೇಡಿನಿಂದ ಸಣ್ಣಗೆ ಸೀಳಿ, ಸೀಳಿನ ಒಳಬದಿಯನ್ನು ಕೆರೆದು, ಬಂದ ರಸವನ್ನು ಗಾಜಿನ ಸ್ಲೈಡಿನ ಮೇಲೆ ಸವರಬೇಕು. ಸ್ಪಿರಿಟ್ ದೀಪದ ಮೇಲೆ ಆಡಿಸಿ ಒಣಗಿಸಿ, ಕೆಂಪು ಬಣ್ಣ ಹೊಯ್ದು ಆವಿ ಏಳುವಷ್ಟು ಬಿಸಿ ಮಾಡಿ, ಆಸಿಡ್‌ನಲ್ಲಿ ತೊಳೆದು, ಮೇಲೆ ನೀಲಿ ಬಣ್ಣ ಕೊಡಬೇಕು. ರೋಗದ ಕ್ರಿಮಿ ಇದ್ದರೆ ಮೈಕ್ರೋಸ್ಕೋಪಿನಡಿ ನೀಲಿಯ ನಡುವೆ ಕೆಂಪು ಕಡ್ಡಿಗಳಂತೆ ಕಾಣುತ್ತದೆ. ಕಂಡರೆ ಪಾಸಿಟಿವ್. ಸತತ ಆರು ತಿಂಗಳು ಕಾಣದಿದ್ದರೆ ಡಾಕ್ಟರಮ್ಮ ಸರ್ಟಿಫಿಕೇಟು ಬರೆಯುತ್ತಿದ್ದರು: ಇವರಿಂದ ಯಾರಿಗೂ ರೋಗ ಅಂಟುವುದಿಲ್ಲ, ಮನೆಗೆ ಹೋಗಬಹುದು.

ಓದುವುದಕ್ಕೆ ಸುಲಭ. ಆದರೆ ಆ ಕಿವಿಗಳನ್ನು ಹಿಂಡಿ ಹಿಡಿಯಬೇಕಲ್ಲ! ಕೆಲವು ದಪ್ಪಗೆ, ತಣ್ಣಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಪಕ್ಕದಲ್ಲೇ ಹುಣ್ಣಿಗೆ ಪಟ್ಟಿ ಬಿಚ್ಚುವ ಜಾಗ. ಹಳೇ ಪಟ್ಟಿಯ ಕೀವಿನ ವಾಸನೆಗೆ ನೆಲ ತೊಳೆಯುವ ಲೈಸಾಲ್ ವಾಸನೆ ಬೆರೆತು ಗಂಟಲಿಗೆ ಬಂದು ಕೂರುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅನ್ನವೂ ಅದೇ ವಾಸನೆ. ಮೊದಲ ವಾರ ದಿನಾ ಬೇಲಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಎರಡನೆಯ ವಾರದಿಂದ ಉಪಾಯ ಕಂಡುಕೊಂಡೆ. ಮುಖ ಆ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು, ಕಣ್ಣಂದಾಜಿನಲ್ಲಿ ಸೀಳಿ ಸವರಿಬಿಡುವುದು.

ಕಂಪೌಂಡರ್ ನೋಡಿ ನಗುತ್ತಿದ್ದ. “ಏನ್ ಬಿಎಸ್ಸಿ ಸಾಹೇಬ್ರೇ, ಮದುವಣಗಿತ್ತಿ ಹಂಗೆ ಮುಖ ತಿರುಗುಸ್ತೀರಿ? ನಿಮ್ ಜಾಗ್ದಲ್ಲಿ ಹಿಂದಿದ್ದ ಮುದುಕಪ್ಪ ಮುಖಕ್ಕೆ ಮುಖ ಇಟ್ಟು ತೆಗೀತಿದ್ದ.”

“ಅವರು ಎಷ್ಟನೇ ಕ್ಲಾಸು ಓದಿದ್ರು?” ಎಂದೆ.

“ಮಿಡ್ಲ್ ಸ್ಕೂಲ್ ಫೇಲು.”

“ಹಾಗಾದ್ರೆ ಬಿಡಿ” ಎಂದೆ. ಈ ಮಾತನ್ನು ಬರೆಯುವಾಗ ನನ್ನ ಬಾಯಿಯ ಮೇಲೆ ನನಗೇ ಹೇಸಿಗೆ.

ಆ ಹೆಂಗಸು ಬನಶಂಕರಿಯ ಕಡೆಯ ಒಂದು ಹಳ್ಳಿಯವಳು. ಮೂವತ್ತು ದಾಟಿರಲಿಲ್ಲ. ಗಂಡ ತೀರಿಕೊಂಡಿದ್ದ. ಎಡಗೈಯ ಎರಡು ಬೆರಳು ಸ್ವಲ್ಪ ಮಡಿಚಿಕೊಂಡಿದ್ದವು, ಅಷ್ಟೇ. ಏಳು ವರ್ಷದ ಮಗಳು ಅಣ್ಣನ ಮನೆಯಲ್ಲಿ ಬೆಳೆಯುತ್ತಿದ್ದಳು. ನಾನು ಸೇರುವ ಹೊತ್ತಿಗೆ ಅವಳಿಗೆ ಸತತ ಐದು ನೆಗೆಟಿವ್ ಬಂದಾಗಿತ್ತು. ಡಿಸೆಂಬರಿನಲ್ಲಿ ನಾನು ನೋಡಬೇಕಾದದ್ದು ಆರನೆಯದು.

ಪಾಸಿಟಿವ್ ಬಂತು.

ನನಗೆ ಬೇಸರವಾಗಬೇಕಿತ್ತು, ಸಂತೋಷವಾಯಿತು. ಮಿಡ್ಲ್ ಸ್ಕೂಲ್ ಫೇಲಾದ ಮನುಷ್ಯನ ಕಣ್ಣಿಗೆ ಕಾಣದ್ದು ನನ್ನ ಕಣ್ಣಿಗೆ ಕಂಡಿತ್ತಲ್ಲ! ಜನವರಿಯಲ್ಲೂ ಪಾಸಿಟಿವ್. ಅವಳು ಕೇಳಿ ಕಂಬಕ್ಕೆ ಒರಗಿ ಕೂತುಬಿಟ್ಟಳು. ಅಳಲಿಲ್ಲ.

ಆ ವಾರವೇ ಅವಳ ಅಣ್ಣ ಬಂದ. ಇದ್ದ ಹೊಲ ಬಡಾವಣೆಗೆ ಹೋಗಿ, ಈಗ ಜಯನಗರದಲ್ಲಿ ಮನೆ ಕಟ್ಟುವವರಿಗೆ ಎತ್ತಿನ ಗಾಡಿಯಲ್ಲಿ ಕಲ್ಲು ಸಾಗಿಸುತ್ತಿದ್ದ. ಬೇಲಿಯ ಆಚೆಯೇ ನಿಂತು, ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಮಾತಾಡಿದ.

“ಏನಂದ್ರು?”

“ಇನ್ನೂ ಅದೆಯಂತೆ ಕಣಣ್ಣ.”

“ಹೋಗೋದಿಲ್ಲ ಬಿಡು ಇದು. ನೋಡು, ನಾನೂ ಕಾದಿದ್ದಾಯ್ತು. ಯುಗಾದಿ ಕಳೀಲಿ, ಮಗೀನ ಅವ್ರಪ್ಪನ ಕಡೆಯೋರು ಕೋಲಾರಕ್ಕೆ ಕರ್ಕೊಂಡು ಹೋಯ್ತಾರೆ. ಮಾತು ಮುಗ್ದದೆ.”

“ಆ ಕಡೆ ಹೋದ್ರೆ ನಂಗೆ ತೋರ್ಸ್ತಾರೇನಣ್ಣ ಅವ್ರು?”

ಅವನು ಎತ್ತಿನ ಹಗ್ಗ ಬಿಚ್ಚತೊಡಗಿದ. ಹಿಂದಿನಿಂದ ಕಂಪೌಂಡರ್ ನನ್ನ ಕಿವಿಯಲ್ಲಿ, “ಇವಳಿಗೆ ಚೀಟಿ ಸಿಗೋದು ಯಮನ ಕೈಯಿಂದಲೇ” ಎಂದು ಕಿಸಕ್ಕನೆ ನಕ್ಕ. ಅವನ ನಗು ಕಂಡು ಮೈ ಉರಿಯಿತು. ಉರಿದದ್ದಷ್ಟೇ.

ಫೆಬ್ರವರಿಯ ಮೊದಲ ವಾರ ಅವಳ ಸರದಿ ಬಂತು. ನಾನು ಎಂದಿನಂತೆ ಮುಖ ತಿರುಗಿಸಿದೆ. ಅವಳು ಮೆಲ್ಲಗೆ ಹೇಳಿದಳು: “ಸ್ವಾಮಿ, ಬೇಜಾರು ಮಾಡ್ಕೋಬೇಡಿ. ಮೊದ್ಲಿದ್ದ ಸಾಹೇಬ್ರು ಗಟ್ಟಿಯಾಗಿ ಹಿಂಡೋರು, ಒಂದು ತೊಟ್ಟು ರಕ್ತ ಬರ್ತಿರ್ಲಿಲ್ಲ. ನೀವು ತೆಗುದ್ರೆ ಬರೀ ರಕ್ತನೇ ಬತ್ತದೆ. ಇದ್ರಲ್ಲಿ ಹುಳ ಹೆಂಗೆ ಕಾಣ್ತದೆ ನಿಮ್ಗೆ?”

“ಅದೆಲ್ಲ ನಿನಗೆ ಗೊತ್ತಾಗಲ್ಲ, ಸುಮ್ನಿರಮ್ಮ” ಎಂದೆ.

ಆದರೆ ಮಾತು ಒಳಗೆ ಮುಳ್ಳಾಯಿತು. ಅವಳ ಸ್ಲೈಡನ್ನು ಆವತ್ತು ಅಂಚಿನಿಂದ ಅಂಚಿಗೆ ನೋಡಿದೆ. ಅವಳು ಹೇಳಿದ್ದು ಸರಿ. ಸವರಿದ ಜಾಗದಲ್ಲಿ ರಕ್ತಕಣಗಳು ಬಿಟ್ಟರೆ ಚರ್ಮದ ರಸ ಇಲ್ಲವೇ ಇಲ್ಲ. ಕೆಂಪು ಕಡ್ಡಿಗಳು ಮಾತ್ರ ಇವೆ. ಎಲ್ಲಿವೆ? ಸ್ಮಿಯರಿನ ಒಳಗಿಲ್ಲ. ಸ್ಮಿಯರ್ ಮುಗಿದ ಮೇಲೆ, ಬರೀ ಗಾಜಿನ ಮೇಲೆ, ಒಂದು ಹಳೆಯ ಗೀರಿನ ಉದ್ದಕ್ಕೂ ಸಾಲಾಗಿ ಕೂತಿವೆ.

ತೊಳೆದು ಜೋಡಿಸಿಟ್ಟ ಸ್ಲೈಡುಗಳಲ್ಲಿ ಆರನ್ನು ತೆಗೆದೆ. ಯಾರ ಚರ್ಮವನ್ನೂ ಸವರದೆ, ಖಾಲಿ ಗಾಜಿಗೇ ಕೆಂಪು ಬಣ್ಣ ಹೊಯ್ದು, ಬಿಸಿ ಮಾಡಿ, ಆಸಿಡ್ ಹಾಕಿ, ನೀಲಿ ಕೊಟ್ಟು ನೋಡಿದೆ. ಆರರಲ್ಲಿ ನಾಲ್ಕರ ಮೇಲೆ ಕೆಂಪು ಕಡ್ಡಿಗಳು.

ಆಗ ಹೊಸ ಸ್ಲೈಡು ಸುಲಭವಾಗಿ ಸಿಗುತ್ತಿರಲಿಲ್ಲ. ಬಳಸಿದ್ದನ್ನೇ ತೊಳೆದು ಮತ್ತೆ ಬಳಸುತ್ತಿದ್ದೆವು. ಅದಕ್ಕೊಂದು ಕ್ರಮವಿತ್ತು. ನೆಗೆಟಿವ್ ಬಂದ ಸ್ಲೈಡು ಬಿಳಿ ಬೇಸಿನ್ನಿಗೆ, ಪಾಸಿಟಿವ್ ಬಂದದ್ದು ನೀಲಿ ಬೇಸಿನ್ನಿಗೆ. ನೀಲಿಯದನ್ನು ಒಡೆದು ಗುಂಡಿಯಲ್ಲಿ ಹೂಳಬೇಕು. ಬಿಳಿಯದನ್ನು ಸೋಪು, ಸೋಡಾ ಹಾಕಿ ಕುದಿಸಿ, ಒಂದೊಂದನ್ನೂ ಬೆರಳಲ್ಲಿ ಉಜ್ಜಿ, ಆಸಿಡ್‌ನಲ್ಲಿ ನೆನೆಸಿ, ಸ್ಪಿರಿಟಿನಲ್ಲಿ ಒರೆಸಬೇಕು. ಹಿಂದಿನವರು ಇದನ್ನು ತಾವೇ ಮಾಡುತ್ತಿದ್ದರಂತೆ. ನನಗೆ ಆ ಬೇಸಿನ್ನುಗಳನ್ನು ಕಂಡರೆ ಆಗುತ್ತಿರಲಿಲ್ಲ. ಮೇಲೆ ಎಣ್ಣೆಯ ಪೊರೆ, ಕೆಳಗೆ ಕೆಂಪು ನೀಲಿ ಬೆರೆತ ರಾಡಿ, ನಡುವೆ ಚರ್ಮದ ಚೂರು ತೇಲುತ್ತಿರುತ್ತದೆ. ಎರಡು ಬೇಸಿನ್ನಿಗೆ ಎರಡು ಸಲ ಕೈ ಹಾಕುವುದೇಕೆಂದು ಎರಡನ್ನೂ ಒಂದಕ್ಕೆ ಸುರಿದು, ಚಿಮಟದಲ್ಲಿ ಹಿಡಿದು ನೀರಿನಲ್ಲಿ ಅಲ್ಲಾಡಿಸಿ ಎತ್ತಿಡುತ್ತಿದ್ದೆ. ಮೂರು ತಿಂಗಳು. ತಾಯಿ ಮುಟ್ಟಿದ್ದನ್ನು ನಾನು ಮುಟ್ಟಬಾರದು ಎಂದಲ್ಲವೇ ಓದಿದ್ದು!

ಅಂದರೆ ಅವಳ ಗಾಜಿನ ಮೇಲೆ ನಾನು ಕಂಡದ್ದು ಇನ್ಯಾರದೋ ಕ್ರಿಮಿ.

ನನ್ನ ಮೊದಲ ಯೋಚನೆ ಏನೆಂದು ಬರೆಯಲೇಬೇಕು. ಯಾರಿಗೂ ಹೇಳದೆ ಇವತ್ತಿನಿಂದ ಸರಿಯಾಗಿ ತೊಳೆಯುವುದು, ಮುಂದಕ್ಕೆ ನೆಗೆಟಿವ್ ಬರುತ್ತದೆ, ಆರು ತಿಂಗಳಲ್ಲಿ ಅವಳಿಗೆ ಸರ್ಟಿಫಿಕೇಟು ಆಗುತ್ತದೆ. ಆರು ತಿಂಗಳಿಗೆ ಆಗಸ್ಟ್. ಮಗುವನ್ನು ಕರೆದೊಯ್ಯುವುದು ಯುಗಾದಿಗೆ. ಇದು ಲೆಕ್ಕಕ್ಕೆ ಸಿಕ್ಕ ಮೇಲೂ ಎರಡು ದಿನ ಸುಮ್ಮನಿದ್ದೆ. ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ತಾಯಿಗೆ ಯಾವ ಮುಖ ತೋರಿಸಲಿ? ಎರಡೂ ಬೆಳಗ್ಗೆ ಪ್ರಾರ್ಥನೆ ಮಾಡಿದೆ: ಸ್ವಾಮೀ, ನಾನು ಧೈರ್ಯ ಮಾಡುತ್ತೇನೆ, ಇವತ್ತು ಹೇಳಿಯೇ ಹೇಳುತ್ತೇನೆ, ಇವತ್ತು ಬೇಸಿನ್ನಿಗೆ ಕೈ ಹಾಕಿಯೇ ಹಾಕುತ್ತೇನೆ. ಎರಡು ದಿನವೂ ಡಾಕ್ಟರಮ್ಮನ ಮುಂದೆ ಹೋಗಿ ಬಣ್ಣದ ಪುಡಿ ಮುಗಿಯುತ್ತಾ ಬಂದಿದೆ ಎಂದು ಹೇಳಿ ವಾಪಸು ಬಂದೆ. ಬೇಸಿನ್ನಿಗೆ ಬೆರಳು ಅದ್ದಿದ ಕೂಡಲೇ ವಾಂತಿ.

ಮೂರನೆಯ ದಿನ ಬೇಲಿಯ ಹಿಂದೆ ನಾನು ಕಕ್ಕುತ್ತಿದ್ದಾಗ ಹಿರಿಯ ನರ್ಸಮ್ಮ ಬಾವಿಗೆ ಬಂದರು. ನಮ್ಮ ಸಭೆಯವರೇ. ಇಪ್ಪತ್ತು ವರ್ಷದಿಂದ ಅಲ್ಲಿ ಹುಣ್ಣು ತೊಳೆಯುತ್ತಿದ್ದವರು. ಒಂದು ಚೊಂಬು ನೀರು ಕೊಟ್ಟರು.

“ಇನ್ನೂ ನಿಂತಿಲ್ವೇನೋ ತಮ್ಮ, ನಿನ್ನ ವಾಂತಿ?”

“ನಿಮಗೆ ಅಸಹ್ಯ ಆಗೋದೇ ಇಲ್ವಾ ಅಕ್ಕ?”

“ಆಗಲ್ಲ ಅಂತ ಯಾರು ಹೇಳಿದ್ರು? ಈಗ ಒಂದು ಕಾಲಿನ ಪಟ್ಟಿ ಬಿಚ್ಚಿ ಬಂದೆ, ಒಳಗೆ ಹುಳ. ಬೆಳಗ್ಗೆ ತಿಂದ ಮುದ್ದೆ ಇಲ್ಲಿಗೆ ಬಂದಿತ್ತು” ಎಂದು ಗಂಟಲು ತೋರಿಸಿದರು.

“ಮತ್ತೆ ಹ್ಯಾಗೆ ಮಾಡ್ತೀರಿ? ನಾನು ದಿನಾ ಪ್ರಾರ್ಥನೆ ಮಾಡಿ ಮನಸ್ಸು ಗಟ್ಟಿ ಮಾಡ್ಕೊಂಡು ಬರ್ತೀನಿ.”

ಅವರು ಜೋರಾಗಿ ನಕ್ಕರು. “ಮನಸ್ಸು ಗಟ್ಟಿ ಮಾಡ್ಕೊಂಡ ಮೇಲೆ ದೇವರಿಗೆ ಏನೋ ಕೆಲಸ ಉಳಿದಿರೋದು? ನಿನ್ನ ಸಾಕ್ಷಿ ನಾನೂ ಕೇಳಿದೀನಪ್ಪ, ನಾನು ಮಾಡ್ತೀನಿ, ನಾನು ಮಾಡ್ತೀನಿ ಅಂತ ದೇವರಿಗೇ ಆರ್ಡರ್ ಕೊಟ್ಟೆ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳೋದು ಒಂದೇ. ಸ್ವಾಮೀ, ನನ್ನ ಕೈಲಿ ಆಗಲ್ಲ, ನನಗೆ ಹೇಸಿಗೆ, ಇದು ನಿನ್ನ ಕೆಲಸ, ಕೈ ಮಾತ್ರ ನನ್ನದು ತಗೋ. ಆಮೇಲೆ ಒಳಗೆ ಹೋಗ್ತೀನಿ.”

“ಆಗ ಹೇಸಿಗೆ ಹೋಗುತ್ತಾ?”

“ಎಲ್ಲಿ ಹೋಗುತ್ತೆ? ಅದರ ಪಾಡಿಗೆ ಅದು ಇರುತ್ತೆ. ಪಟ್ಟಿ ಕಟ್ಟಿ ಮುಗಿದಿರುತ್ತೆ.”

ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಸ್ಲೈಡಿನ ವಿಷಯವನ್ನೂ. ನಗು ನಿಂತಿತು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಮುಖದಲ್ಲಿ ಕಂಡದ್ದು ಹೇಸಿಗೆ, ಕೀವು ಕಂಡಾಗಲೂ ಅವರ ಮುಖದಲ್ಲಿ ನಾನು ನೋಡದಿದ್ದದ್ದು.

“ಡಾಕ್ಟರಮ್ಮ ಒಳಗಿದ್ದಾರೆ” ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡು ಹೋದರು.

ಲ್ಯಾಬೊರೇಟರಿಯ ಬಾಗಿಲಲ್ಲಿ ನಿಂತೆ. ಆವತ್ತು ಶಪಥ ಮಾಡಲು ಏನೂ ಉಳಿದಿರಲಿಲ್ಲ. ನನ್ನ ಕೈಲಿ ಆಗಲ್ಲ ಸ್ವಾಮೀ, ನಾನು ಹೇಡಿ, ಸುಳ್ಳ, ನೀನೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದೆ. ಬೆಳಕು ಕಾಣಲಿಲ್ಲ, ಮೈ ಪುಳಕಗೊಳ್ಳಲಿಲ್ಲ. ಆದರೆ ನಾಲ್ಕು ಸ್ಲೈಡುಗಳನ್ನು ಕೈಯಲ್ಲಿ ಹಿಡಿದು ಡಾಕ್ಟರಮ್ಮನ ಮೇಜಿನ ಮುಂದೆ ನಿಂತಿದ್ದೆ. ಈ ಸಲ ಬಣ್ಣದ ಪುಡಿಯ ಮಾತು ಬಾಯಿಗೆ ಬರಲಿಲ್ಲ.

“ಮೇಡಂ, ಇವು ಯಾರದೂ ಅಲ್ಲ. ಖಾಲಿ ಸ್ಲೈಡು. ನೋಡಿ.”

ಅವರು ನಾಲ್ಕನ್ನೂ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರು.

“ಎಷ್ಟು ದಿನದಿಂದ?”

“ಸೇರಿದಾಗಿನಿಂದ. ಗಾಜು ಸರಿಯಾಗಿ ತೊಳೀಲಿಲ್ಲ, ಮುಖ ತಿರುಗಿಸಿ ಸೀಳಿ ಬರೀ ರಕ್ತ ಸವರಿದೆ.”

“ಇದು ನಿಮಗೆ ಗೊತ್ತಾಗಿ?”

“ಮೂರು ದಿನ.”

“ಪಾಸಿಟಿವ್ ಅಂತ ಬರೆದಿದ್ದು ಸುಳ್ಳಿರಬಹುದು, ಸರಿ. ಮುಖ ತಿರುಗಿಸಿ ಬರೀ ರಕ್ತ ಸವರಿ ನೆಗೆಟಿವ್ ಅಂತ ಬರೆದಿರೋರು? ಅವರಲ್ಲಿ ನಿಜವಾಗಿ ರೋಗ ಇದ್ದೋರನ್ನ ನಾನು ಮನೆಗೆ ಕಳಿಸಿದ್ರೆ?”

ಅದು ನನಗೆ ಹೊಳೆದೇ ಇರಲಿಲ್ಲ.

“ಪುಣ್ಯಕ್ಕೆ ನೀವು ಬಂದ ಮೇಲೆ ಯಾರನ್ನೂ ಕಳಿಸಿಲ್ಲ. ನಿಮ್ಮನ್ನ ಈಗಲೇ ಮನೆಗೆ ಕಳಿಸಬೇಕು. ಆದರೆ ಈ ಹೊಲಸನ್ನ ಬೇರೆಯವರ ಕೈಲಿ ನಾನು ಬಳಿಸಲ್ಲ. ಮೂವತ್ತೆಂಟು ಜನ, ಒಬ್ಬೊಬ್ಬರಿಗೆ ಆರು ಜಾಗ. ಎಲ್ಲ ಮತ್ತೆ. ನಿಮ್ಮ ಹಿಂದೆ ನಾನು ನಿಂತಿರ್ತೀನಿ.”

ತಮ್ಮ ಬೀರುವಿನಿಂದ ಒಡೆಯದ ಎರಡು ಡಬ್ಬಿ ಹೊಸ ಸ್ಲೈಡು ತೆಗೆದಿಟ್ಟರು. ರಿಜಿಸ್ಟರಿನಲ್ಲಿ ನಾನು ಬರೆದ ಪ್ರತಿ ಸಾಲಿನ ಮೇಲೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯಲು ನನಗೇ ಹೇಳಿದರು. ಗೆರೆ ಬಿ.ಎಸ್ಸಿ.ಯ ಮೇಲೂ ಹಾದುಹೋಗುತ್ತಿತ್ತು.

ಅಲ್ಲಿಂದ ಒಂದು ತಿಂಗಳು. ಹೊಸ ಸ್ಲೈಡು ಎಲ್ಲರಿಗೂ ಸಾಲುತ್ತಿರಲಿಲ್ಲವಾದ್ದರಿಂದ ಹಳೆಯವನ್ನೂ ಶುದ್ಧ ಮಾಡಬೇಕಿತ್ತು. ಬೆಳಗ್ಗೆ ಒಲೆ ಹಚ್ಚಿ ಕುದಿಸುವುದು, ಒಂದೊಂದನ್ನೂ ಹೆಬ್ಬೆರಳಿನಿಂದ ಉಜ್ಜುವುದು, ಗೀರಿದ್ದುದನ್ನು ಒಡೆಯುವುದು, ಪ್ರತಿ ಕಟ್ಟಿನಿಂದ ಎರಡು ಖಾಲಿ ಗಾಜಿಗೆ ಬಣ್ಣ ಹಾಕಿ ಪರೀಕ್ಷಿಸುವುದು. ಆಮೇಲೆ ರೋಗಿಗಳು. ಪ್ರತಿಯೊಬ್ಬರ ಮುಂದೆಯೂ ಮನಸ್ಸಿನಲ್ಲಿ ಅದೇ ಮಾತು: ನನ್ನ ಕೈಲಿ ಆಗಲ್ಲ, ನೀನು ಮಾಡು. ಒಬ್ಬ ಅಜ್ಜನ ಮೂಗು ಕುಸಿದು ಎರಡು ತೂತು ಮಾತ್ರ ಉಳಿದಿತ್ತು. ಸೀಳುವಾಗ ಅವನು ಸೀನಿದ. ಮುಖದ ಮೇಲೆ ಬಿದ್ದದ್ದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕಿವಿ ಬಿಟ್ಟರೆ ರಕ್ತ ಬರುತ್ತದೆ. ಹಿಡಿದೇ ಇದ್ದೆ, ಕೆರೆದು ಮುಗಿಸಿದೆ. ಮೂರು ತಿಂಗಳ ಹಿಂದಿನ ಶಪಥಕ್ಕೆ ಇದು ಸಾಧ್ಯವಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆಮೇಲೆ ಬೇಲಿಯ ಹಿಂದೆ ಹೋದದ್ದೂ ನಿಜ.

ಕಂಪೌಂಡರಿಗೆ ಹಬ್ಬ. “ಏನ್ ಗುರುಗಳೇ, ಇಷ್ಟೊಂದು ಸ್ಲೈಡು ಉಜ್ಜಕ್ಕೆ ಎಮ್ಮೆಸ್ಸಿ ಬೇಕಾ?” ಎಂದ. ನಾನು ಉಜ್ಜಲು ಮುಂದಿನ ಗಾಜು ಎತ್ತಿಕೊಂಡೆ.

ಆ ಹೆಂಗಸಿನ ಸ್ಮಿಯರನ್ನು ಹೊಸ ಡಬ್ಬಿಯ ಸ್ಲೈಡಿನ ಮೇಲೇ ತೆಗೆದೆ. ಆರು ಜಾಗವನ್ನೂ ಮುಖಕ್ಕೆ ಮುಖ ಕೊಟ್ಟು ಹಿಂಡಿ ಹಿಡಿದೆ. “ಈಗ ಸರೀಗದೆ ಸ್ವಾಮಿ” ಎಂದಳು, ನೋವಿನಿಂದ ಕಣ್ಣು ಮುಚ್ಚಿಕೊಂಡೇ. ನಾನು ನೋಡಿದೆ, ಡಾಕ್ಟರಮ್ಮ ನೋಡಿದರು, ಮಾರನೆಯ ದಿನ ಮತ್ತೊಮ್ಮೆ ನೋಡಿದರು. ಚರ್ಮದ ರಸ ತುಂಬಿತ್ತು. ಒಂದೂ ಕೆಂಪು ಕಡ್ಡಿ ಇರಲಿಲ್ಲ. ಡಿಸೆಂಬರ್, ಜನವರಿಯ ಎರಡನ್ನೂ ರದ್ದು ಮಾಡಿ ಇದನ್ನೇ ಆರನೆಯದೆಂದು ಬರೆದರು. ನೆಗೆಟಿವ್ ಎಂದು ನಾನು ಬರೆದಿದ್ದವರಲ್ಲಿ ಇಬ್ಬರಿಗೆ ಪಾಸಿಟಿವ್ ಬಂತು. ಆ ಇಬ್ಬರ ಮುಖ ಈಗಲೂ ನನ್ನ ಮುಂದೆ ಬರುತ್ತದೆ. ಅವರಿಗೆ ನಾನೇ ಹೋಗಿ ಹೇಳಿದೆ.

ಯುಗಾದಿಗೆ ಐದು ದಿನವಿತ್ತು. ಹೇಳಿಕಳಿಸಿದ್ದಕ್ಕೆ ಅಣ್ಣ ಗಾಡಿ ಕಟ್ಟಿಕೊಂಡು ಬಂದ, ಜೊತೆಗೆ ಅವನ ಹೆಂಡತಿ. ಅವನು ಈ ಸಲವೂ ಬೇಲಿಯ ಆಚೆಯೇ ನಿಂತ, ಟವೆಲ್ಲು ಮೂಗಿಗೆ. ಹೆಂಡತಿ ಗಾಡಿಯಿಂದ ಇಳಿಯಲಿಲ್ಲ.

ಸರ್ಟಿಫಿಕೇಟನ್ನು ಡಾಕ್ಟರಮ್ಮ ನನ್ನ ಕೈಗೆ ಕೊಟ್ಟು, “ನೀವೇ ಕೊಡಿ, ನೀವೇ ಹೇಳಿ” ಎಂದರು.

“ಅವತ್ತು ಅದೆ ಅಂದ್ರಿ. ಈಗ ಇಲ್ಲ ಅಂತೀರಿ” ಎಂದ ಅಣ್ಣ. “ನಾನ್ಯಾವ್ದ ನಂಬ್ಲಿ? ಮನೇಲಿ ಮಕ್ಳವ್ರೆ ಸ್ವಾಮಿ.”

ಹೇಳಲು ಸುಲಭದ ಸುಳ್ಳುಗಳು ಎಷ್ಟೋ ಇದ್ದವು: ಔಷಧಿ ಈಗ ಹಿಡಿದಿದೆ, ದೇವರ ದಯೆಯಿಂದ ಗುಣವಾಗಿದೆ. ನನ್ನ ಕೈಲಿ ಆಗಲ್ಲ ಎಂದು ಒಳಗೇ ಹೇಳಿಕೊಂಡೆ.

“ಅವರಿಗೆ ಆಗಲೂ ಇರಲಿಲ್ಲ. ನಾನು ಗಾಜು ಸರಿಯಾಗಿ ತೊಳೀಲಿಲ್ಲ. ಬೇರೆಯವರದನ್ನ ಇವರದು ಅಂತ ಬರೆದೆ. ತಪ್ಪು ನನ್ನದು.”

“ಯಾಕ್ ತೊಳೀಲಿಲ್ಲ?”

“ಅಸಹ್ಯ ಆಯ್ತು.”

ಅವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. “ಥೂ, ಓದಿದೋರು ಅಂತ ನಂಬಿದ್ವಲ್ಲ” ಎಂದು ಪಕ್ಕಕ್ಕೆ ಉಗಿದ. ಉಗಿಯುವುದಕ್ಕೆ ಮೂಗಿನ ಟವೆಲ್ಲು ತೆಗೆದವನು ಮತ್ತೆ ಹಾಕಿಕೊಳ್ಳಲಿಲ್ಲ. ಆದರೂ ನಾನು ಚಾಚಿದ ಕಾಗದಕ್ಕೆ ಕೈ ಒಡ್ಡದೆ ತಂಗಿಯ ಕಡೆ ಗದ್ದ ತೋರಿಸಿದ. ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳಿಗೆ ಓದಲು ಬಾರದು, ಮಡಿಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಅವಳು ಬೇಲಿಯ ಬಾಗಿಲು ದಾಟಲೋ ಬೇಡವೋ ಎಂದು ನಮ್ಮೆಲ್ಲರ ಮುಖ ನೋಡಿದಳು.

ಗಾಡಿಯ ಮೇಲಿಂದ ಅತ್ತಿಗೆ ಬಗ್ಗಿ ಕೈ ಚಾಚಿದಳು. “ಏನ್ ಕಾಗ್ದ ಕಾಗ್ದ ಅಂತ ನಿಂತಿದ್ದೀರಾ ಎಲ್ರೂವೆ? ಅಲ್ಲಿ ಮಗು ತಲೆ ಬಾಚುಸ್ಕೊಳ್ದೆ ಕೂತದೆ, ನಮ್ಮವ್ವ ಬಂದು ಜಡೆ ಹಾಕ್ಲಿ ಅಂತ. ಬಿಸ್ಲು ಏರ್ತಾ ಅದೆ, ಕೈ ಕೊಡಿಲ್ಲಿ, ಹತ್ತು.”